ಭೂಕಂಪ ದೊಡ್ಡದು, ಅಲೆ ಚಿಕ್ಕದು: ಸುನಾಮಿಯನ್ನು ಅಳೆಯುವುದು ಯಾಕಿಷ್ಟು ಕಷ್ಟ?

2025ರ ಜುಲೈ 30ರಂದು ರಷ್ಯಾದ ಪೂರ್ವ ತುದಿಯ ಕಮ್ಚಾಟ್ಕಾ ಬಳಿ ಕಡಲಡಿಯಲ್ಲಿ 8.8 ತೀವ್ರತೆಯ ಭೂಕಂಪ ಆಯಿತು. ಉಪಕರಣಗಳು ದಾಖಲಿಸಿದ ಅತಿ ದೊಡ್ಡ ಹತ್ತು ಭೂಕಂಪಗಳಲ್ಲಿ ಅದಕ್ಕೂ ಜಾಗ ಇದೆ. ಕೆಲವೇ ಗಂಟೆಗಳಲ್ಲಿ ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳೆಲ್ಲ ಎಚ್ಚರಿಕೆ ಕೊಟ್ಟವು. ಜಪಾನಿನಲ್ಲಿ 19 ಲಕ್ಷಕ್ಕೂ ಹೆಚ್ಚು ಜನರಿಗೆ ಎತ್ತರದ ಜಾಗಕ್ಕೆ ಹೋಗಿ ಎಂದು ಹೇಳಲಾಯಿತು. ಹವಾಯಿಯಲ್ಲಿ ಸೈರನ್ ಕೂಗಿತು, ರಸ್ತೆಗಳಲ್ಲಿ ಕಾರುಗಳ ಸಾಲು ನಿಂತಿತು.

ಕೊನೆಗೆ ಬಂದದ್ದೇನು? ಜಪಾನಿನಲ್ಲಿ ಅತಿ ಹೆಚ್ಚು ದಾಖಲಾದದ್ದು ಇವಾಟೆ ಪ್ರಾಂತ್ಯದ ಕುಜಿ ಬಂದರಿನಲ್ಲಿ, 1.3 ಮೀಟರ್. ಹವಾಯಿಯ ಕಹುಲುಯಿಯಲ್ಲಿ ಸುಮಾರು 1.7 ಮೀಟರ್. ಅಮೆರಿಕದ ಪಶ್ಚಿಮ ಕರಾವಳಿಯ ಕ್ರೆಸೆಂಟ್ ಸಿಟಿಯಲ್ಲಿ ಒಂದು ಮೀಟರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿ ಬಂದರಿನ ಒಂದು ದಕ್ಕೆಗೆ ಪೆಟ್ಟು ಬಿತ್ತು. ಜಪಾನಿನಲ್ಲಿ ಸ್ಥಳ ಬಿಟ್ಟು ಹೋಗುವಾಗ ಕಾರು ಪ್ರಪಾತಕ್ಕೆ ಉರುಳಿ ಒಬ್ಬ ಮಹಿಳೆ ತೀರಿಕೊಂಡರು. ಮರುದಿನದಿಂದಲೇ ಶುರುವಾಯಿತು ಆ ಮಾತು: ಮನುಷ್ಯನ ಎತ್ತರವೂ ಇಲ್ಲದ ಅಲೆಗೆ ಇಷ್ಟೊಂದು ಗಲಾಟೆ ಯಾಕೆ?

ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಈ ಪ್ರಶ್ನೆಯೊಳಗೆ ಎರಡು ನಂಬಿಕೆಗಳು ಸದ್ದಿಲ್ಲದೆ ಕೂತಿವೆ. ಭೂಕಂಪದ ಸಂಖ್ಯೆ ದೊಡ್ಡದಾದರೆ ಅಲೆಯೂ ದೊಡ್ಡದಿರಬೇಕು ಅನ್ನುವುದು ಒಂದು. ಒಂದು ಮೀಟರ್ ಸುನಾಮಿ ಅಂದರೆ ಒಂದು ಮೀಟರ್ ತೆರೆ ಅನ್ನುವುದು ಇನ್ನೊಂದು. ಎರಡೂ ತಪ್ಪು. ಸುನಾಮಿಯಲ್ಲಿ ಸತ್ತವರಲ್ಲಿ ಎಷ್ಟೋ ಜನ ಇಂಥ ಒಂದು ಸಂಖ್ಯೆಯನ್ನು ನಂಬಿ ಸತ್ತಿದ್ದಾರೆ ಅಂತ ನನಗನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನೆಲ ನಡುಗಿದರೆ ಸಾಲದು

ಭೂಕಂಪದ ನಡುಕ ಸುನಾಮಿಯನ್ನು ಎಬ್ಬಿಸುವುದಿಲ್ಲ. ಕಡಲ ತಳ ಮೇಲೆ ಕೆಳಗೆ ಸರಿದಾಗ ಸುನಾಮಿ ಏಳುತ್ತದೆ. ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗುವ ಕಡೆ ಎರಡೂ ಅಂಟಿಕೊಂಡಿರುತ್ತವೆ. ಕೆಳಗೆ ಹೋಗುವ ಫಲಕ ಮೇಲಿನದರ ತುದಿಯನ್ನು ನೂರಾರು ವರ್ಷ ಎಳೆಯುತ್ತಾ ಬಗ್ಗಿಸುತ್ತಾ ಇರುತ್ತದೆ. ಒಂದು ದಿನ ಹಿಡಿತ ತಪ್ಪುತ್ತದೆ. ಬಗ್ಗಿದ್ದ ತುದಿ ಮೇಲಕ್ಕೆ ಸಿಡಿಯುತ್ತದೆ. ಅದರ ಮೇಲೆ ನಿಂತ ನೀರೆಲ್ಲ, ತಳದಿಂದ ಮೇಲ್ಮೈವರೆಗೆ, ಒಂದೇ ಏಟಿಗೆ ಮೇಲೇರುತ್ತದೆ. ಏರಿದ ನೀರು ಅಲ್ಲೇ ನಿಲ್ಲಲಾರದು. ಎರಡೂ ಕಡೆಗೆ ಹರಡಿಕೊಳ್ಳುತ್ತದೆ. ಅದೇ ಸುನಾಮಿ.

2004ರ ಡಿಸೆಂಬರ್ 26ರಂದು ಸುಮಾತ್ರಾದಿಂದ ಅಂಡಮಾನಿನವರೆಗೆ ಹೀಗೆ ಸಿಡಿದ ಬಿರುಕಿನ ಉದ್ದ ಸುಮಾರು 1,300 ಕಿಲೋಮೀಟರ್. ತೀವ್ರತೆ 9.1. ಹದಿನಾಲ್ಕು ದೇಶಗಳಲ್ಲಿ ಎರಡು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.

ಈಗ ಅದೇ ಕಡಲಿನ ಇನ್ನೊಂದು ದಿನ ನೋಡಿ. 2012ರ ಏಪ್ರಿಲ್ 11ರಂದು ಸುಮಾತ್ರಾದ ಪಶ್ಚಿಮಕ್ಕೆ 8.6 ತೀವ್ರತೆಯ ಭೂಕಂಪ ಆಯಿತು. ದಡದಲ್ಲಿ ಕಂಡದ್ದು ಹೆಚ್ಚೆಂದರೆ ಒಂದು ಮೀಟರಿನ ಆಸುಪಾಸು. ಅಲ್ಲಿ ನೆಲ ಮೇಲಕ್ಕೆ ಎದ್ದಿರಲೇ ಇಲ್ಲ. ಎರಡು ಬದಿಗಳು ಅಕ್ಕಪಕ್ಕ ಉಜ್ಜಿಕೊಂಡು ಸರಿದಿದ್ದವು, ಅಷ್ಟೇ. ನೀರನ್ನು ಎತ್ತುವವರು ಯಾರೂ ಇರಲಿಲ್ಲ. 2005ರ ಮಾರ್ಚ್ 28ರಂದು ನಿಯಾಸ್ ದ್ವೀಪದ ಬಳಿ ಆದದ್ದೂ 8.6. ಅಲ್ಲಿ ನೆಲ ಎದ್ದಿತ್ತು. ಆದರೆ ಬಹುಪಾಲು ಎದ್ದದ್ದು ದ್ವೀಪಗಳ ಅಡಿಯಲ್ಲಿ, ಆಳವಿಲ್ಲದ ನೀರಿನಲ್ಲಿ. ಎತ್ತಲು ನೀರೇ ಕಡಿಮೆ. ಕಟ್ಟಡ ಕುಸಿದು ಸಾವಿರಕ್ಕೂ ಹೆಚ್ಚು ಜನ ಸತ್ತರು, ಸುನಾಮಿ ಮಾತ್ರ ಚಿಕ್ಕದಾಗಿಯೇ ಉಳಿಯಿತು.

ಇದಕ್ಕೆ ತದ್ವಿರುದ್ಧವಾದದ್ದು ಇನ್ನೂ ಭಯಂಕರ. 1896ರ ಜೂನ್ 15ರ ಸಂಜೆ ಜಪಾನಿನ ಸಾನ್‌ರಿಕು ಕರಾವಳಿಯಲ್ಲಿ ನೆಲ ಮೆಲ್ಲಗೆ ಅಲುಗಿತು. ಜನ ತಲೆ ಕೆಡಿಸಿಕೊಳ್ಳಲಿಲ್ಲ. ಸುಮಾರು ಅರ್ಧ ಗಂಟೆಯ ಮೇಲೆ ಬಂದ ನೀರು ಕೆಲವು ಕಡೆ 38 ಮೀಟರ್ ಎತ್ತರದವರೆಗೆ ಏರಿತು. ಸುಮಾರು 22,000 ಜನ ಹೋದರು. ಕಡಲ ಕಂದಕದ ಅಂಚಿನ ಮೆತ್ತನೆಯ ಪದರದಲ್ಲಿ ಬಿರುಕು ನಿಧಾನಕ್ಕೆ ಬಿಟ್ಟಿತ್ತು. ನಿಧಾನಕ್ಕೆ ಬಿಟ್ಟರೆ ಮನೆ ಅಲುಗುವುದು ಕಡಿಮೆ, ನೀರು ಏಳುವುದು ಜಾಸ್ತಿ.

ಹಾಗಾದರೆ ಉಜ್ಜಿಕೊಂಡು ಸರಿಯುವ ಭೂಕಂಪ ಸುರಕ್ಷಿತವೇ? ಆ ಧೈರ್ಯವನ್ನು 2018ರ ಸೆಪ್ಟೆಂಬರ್ 28 ತೆಗೆದುಹಾಕಿತು. ಇಂಡೋನೇಷ್ಯಾದ ಪಾಲು ನಗರದ ಬಳಿ ಆದದ್ದು ಅಂಥದ್ದೇ, ತೀವ್ರತೆ ಬರೀ 7.5. ಆದರೆ ಪಾಲು ಇರುವುದು ಉದ್ದನೆಯ ಇಕ್ಕಟ್ಟು ಕೊಲ್ಲಿಯ ತುದಿಯಲ್ಲಿ. ಕೊಲ್ಲಿಯ ಅಂಚುಗಳು ಹಲವೆಡೆ ನೀರಿಗೆ ಕುಸಿದವು. ಕೆಲವೇ ನಿಮಿಷಗಳಲ್ಲಿ ಅಲೆ ಊರೊಳಗಿತ್ತು. ಭೂಕಂಪ, ಸುನಾಮಿ, ಕೆಸರಾಗಿ ಹರಿದ ನೆಲ ಎಲ್ಲ ಸೇರಿ 4,000ಕ್ಕೂ ಹೆಚ್ಚು ಜನರನ್ನು ಕೊಂದವು.

ಕಮ್ಚಾಟ್ಕಾಕ್ಕೆ ಮತ್ತೆ ಬಂದರೆ, ಅಲ್ಲಿನ ಅಲೆ ನಿಜಕ್ಕೂ ಅಷ್ಟು ಚಿಕ್ಕದೇನೂ ಆಗಿರಲಿಲ್ಲ. ಬಿರುಕಿಗೆ ಹತ್ತಿರದ ಸೆವೆರೊ-ಕುರಿಲ್ಸ್ಕ್ ಬಂದರಿಗೆ ನೀರು ನುಗ್ಗಿತು. ಉದ್ದನೆಯ ಬಿರುಕಿನಿಂದ ಹೊರಡುವ ಸುನಾಮಿ ಎಲ್ಲ ದಿಕ್ಕಿಗೂ ಒಂದೇ ಸಮ ಹೋಗುವುದಿಲ್ಲ. ಅದರ ಹೆಚ್ಚಿನ ಶಕ್ತಿ ಬಿರುಕಿಗೆ ಅಡ್ಡಲಾಗಿ ಹೋಗುತ್ತದೆ. ಇಲ್ಲಿ ಅಡ್ಡ ಅಂದರೆ ಆಗ್ನೇಯ ದಿಕ್ಕು, ತೆರೆದ ಪೆಸಿಫಿಕ್ ಕಡೆಗೆ. ಜಪಾನ್ ಇದ್ದದ್ದು ಬಿರುಕಿನ ಉದ್ದಕ್ಕೆ, ಪಕ್ಕಕ್ಕೆ. 1952ರಲ್ಲಿ ಇದೇ ಜಾಗದ 9.0 ತೀವ್ರತೆಯ ಭೂಕಂಪ ಸೆವೆರೊ-ಕುರಿಲ್ಸ್ಕ್ ಊರನ್ನೇ ಅಳಿಸಿಹಾಕಿ 2,000ಕ್ಕೂ ಹೆಚ್ಚು ಜನರನ್ನು ಕೊಂದಿತ್ತು. ಊರನ್ನು ಮತ್ತೆ ಕಟ್ಟುವಾಗ ಎತ್ತರದಲ್ಲಿ ಕಟ್ಟಿದರು. 2025ರ ಸುದ್ದಿಯಲ್ಲಿ ಇದು ಹೆಚ್ಚು ಕಾಣಲಿಲ್ಲ. ಯಾರೂ ಸಾಯದ ಊರು ಸುದ್ದಿಯಾಗುವುದು ಕಡಿಮೆ ಅಲ್ವಾ.

ಆಳದಲ್ಲಿ ಯಾರಿಗೂ ಕಾಣುವುದಿಲ್ಲ

ಗಾಳಿಗೆ ಏಳುವ ಅಲೆ ಕಡಲಿನ ಮೇಲ್ಪದರದ್ದು. ಒಂದರ ಹಿಂದೆ ಒಂದು ಹತ್ತು ಹದಿನೈದು ಸೆಕೆಂಡಿಗೆ ಬರುತ್ತದೆ. ಸುನಾಮಿಯಲ್ಲಿ ಎರಡು ಶಿಖರಗಳ ನಡುವೆ ಹತ್ತು ನಿಮಿಷದಿಂದ ಒಂದು ಗಂಟೆವರೆಗೂ ಅಂತರ ಇರುತ್ತದೆ. ಅಲ್ಲಿ ನೀರು ತಳದವರೆಗೂ ಚಲಿಸುತ್ತದೆ.

ಅದರ ವೇಗ ಹೇಳಲು ಒಂದೇ ಅಂಶ ಸಾಕು, ನೀರಿನ ಆಳ. ಆಳವನ್ನು ಗುರುತ್ವದ ವೇಗವರ್ಧನೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ಸಿಗುತ್ತದೆ. 4,000 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 700 ಕಿಲೋಮೀಟರ್. 50 ಮೀಟರ್ ಆಳಕ್ಕೆ ಬರುವಾಗ 80. ಹತ್ತು ಮೀಟರ್ ಆಳದಲ್ಲಿ 36. ಸುನಾಮಿ ಎಷ್ಟು ಹೊತ್ತಿಗೆ ತಲುಪುತ್ತದೆ ಅನ್ನುವುದನ್ನು ನಿಮಿಷದ ಲೆಕ್ಕದಲ್ಲಿ ಹೇಳಲು ಆಗುವುದು ಇದರಿಂದಲೇ. ಕಡಲ ತಳದ ನಕ್ಷೆ ಇದ್ದರೆ ಸಾಕು. 1960ರ ಮೇ 22ರಂದು ಚಿಲಿಯಲ್ಲಿ 9.5 ತೀವ್ರತೆಯ ಭೂಕಂಪ ಆಯಿತು. ದಾಖಲೆಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಅದರ ಅಲೆ ಸುಮಾರು 15 ಗಂಟೆಗೆ ಹವಾಯಿ ಮುಟ್ಟಿತು, ಸುಮಾರು 22 ಗಂಟೆಗೆ ಜಪಾನ್ ಮುಟ್ಟಿತು.

ಯಾವಾಗ ಬರುತ್ತದೆ ಅನ್ನುವುದು ಸುಲಭ. ಎಷ್ಟು ಬರುತ್ತದೆ ಅನ್ನುವುದು ಕಷ್ಟ.

ಆಳ ಕಡಲಿನಲ್ಲಿ ಸುನಾಮಿಯ ಎತ್ತರ ಅರ್ಧ ಮೀಟರ್ ಇದ್ದರೇ ಬಹಳ. 2004ರಲ್ಲಿ ಭೂಕಂಪ ಆಗಿ ಎರಡು ಗಂಟೆಯ ನಂತರ ಜೇಸನ್-1 ಉಪಗ್ರಹ ಹಿಂದೂ ಮಹಾಸಾಗರದ ಮೇಲೆ ಹಾದುಹೋಯಿತು. ಅಷ್ಟೊಂದು ಜನರನ್ನು ಕೊಂದ ಅಲೆ ಅದರ ಅಳತೆಯಲ್ಲಿ ಸುಮಾರು 60 ಸೆಂಟಿಮೀಟರ್. ಹಡಗಿನಲ್ಲಿ ಇದ್ದವರಿಗೆ ಅದು ತಿಳಿಯುವುದೇ ಇಲ್ಲ. ಹತ್ತು ನಿಮಿಷದಲ್ಲಿ ಅರ್ಧ ಮೀಟರ್ ಮೇಲೇರಿ ಇಳಿದರೆ ಯಾರಿಗೆ ಗೊತ್ತಾಗಬೇಕು?

ಆದರೆ ಆ 60 ಸೆಂಟಿಮೀಟರ್ ಹರಡಿರುವುದು ಇನ್ನೂರು ಕಿಲೋಮೀಟರ್ ಉದ್ದಕ್ಕೆ. ಇಪ್ಪತ್ತು ನಿಮಿಷದ ಅಂತರದ ಅಲೆಯನ್ನೇ ತೆಗೆದುಕೊಳ್ಳಿ. 4,000 ಮೀಟರ್ ಆಳದಲ್ಲಿ ಅದರ ಉದ್ದ ಸುಮಾರು 240 ಕಿಲೋಮೀಟರ್. ಹತ್ತು ಮೀಟರ್ ಆಳಕ್ಕೆ ಬಂದಾಗ ಅದು 12 ಕಿಲೋಮೀಟರಿಗೆ ಕುಗ್ಗಿರುತ್ತದೆ. ಮುಂಭಾಗ ನಿಧಾನ ಆಯಿತು, ಹಿಂಭಾಗ ಇನ್ನೂ ಜೋರಾಗಿಯೇ ಬರುತ್ತಿದೆ. ನೀರು ಹೋಗುವುದಾದರೂ ಎಲ್ಲಿಗೆ? ಮೇಲಕ್ಕೇ. ಬರೀ ಆಳ ಕಡಿಮೆಯಾದದ್ದರಿಂದಲೇ ಎತ್ತರ ನಾಲ್ಕೂವರೆ ಪಟ್ಟು ಆಗುತ್ತದೆ. 60 ಸೆಂಟಿಮೀಟರ್ ಎರಡೂಮುಕ್ಕಾಲು ಮೀಟರ್ ಆಯಿತು. ಇಳಿಜಾರು, ಕೊಲ್ಲಿಯ ಆಕಾರ, ಹಿಂದಿನ ಅಲೆ ಮುಂದಿನದರ ಮೇಲೆ ಹತ್ತುವುದು, ಇವು ಅದಕ್ಕೆ ಇನ್ನಷ್ಟು ಸೇರಿಸುತ್ತವೆ. 2004ರಲ್ಲಿ ಸುಮಾತ್ರಾದ ಬಂಡಾ ಆಚೆ ನಗರದ ಬಳಿಯ ಲೊಕ್‌ಙಾದಲ್ಲಿ 30 ಮೀಟರಿಗೂ ಎತ್ತರಕ್ಕೆ ನೀರು ಹೋಗಿದ್ದು ಹಾಗೆ.

ದಡದಲ್ಲಿ ನಿಂತವರಿಗೆ

ಸುನಾಮಿ ಎಂದರೆ ಕಣ್ಣ ಮುಂದೆ ಬರುವ ಚಿತ್ರ ಗೋಡೆಯಂತೆ ಎದ್ದು ಬಾಗಿ ಬೀಳುವ ದೊಡ್ಡ ತೆರೆ. ಹಾಗೆ ಬರುವುದೂ ಉಂಟು, ಅಪರೂಪಕ್ಕೆ. ಹೆಚ್ಚಾಗಿ ಅದು ಉಬ್ಬರದಂತೆ ಬರುತ್ತದೆ, ಆದರೆ ನಿಲ್ಲುವುದಿಲ್ಲ. ಒಂದೂವರೆ ಮೀಟರಿನ ಮಾಮೂಲಿ ತೆರೆ ಬಂದು ಬಿದ್ದು ಐದಾರು ಸೆಕೆಂಡಿನಲ್ಲಿ ವಾಪಸ್ ಹೋಗುತ್ತದೆ. ಒಂದೂವರೆ ಮೀಟರಿನ ಸುನಾಮಿ ಹತ್ತು ನಿಮಿಷ ಒಳಗೆ ಬರುತ್ತಲೇ ಇರುತ್ತದೆ.

ಒಂದು ಅಂದಾಜು ಲೆಕ್ಕ ಹಾಕೋಣ. ನೀರಿನ ಆಳ ಒಂದು ಮೀಟರ್, ವೇಗ ಸೆಕೆಂಡಿಗೆ ಮೂರು ಮೀಟರ್. ಓಡುವ ಮನುಷ್ಯನ ವೇಗ ಅಷ್ಟೇ. ಹತ್ತು ನಿಮಿಷದಲ್ಲಿ ದಡದ ಪ್ರತಿ ಮೀಟರ್ ಅಗಲಕ್ಕೆ ಒಳಬರುವ ನೀರು 1,800 ಟನ್. ಅದು ಬರೀ ನೀರೂ ಅಲ್ಲ. ಮರಳು, ದೋಣಿ, ಕಾರು, ಮರದ ದಿಮ್ಮಿ, ತಗಡಿನ ಚಾವಣಿ, ಗ್ಯಾಸ್ ಸಿಲಿಂಡರ್ ಎಲ್ಲ ಅದರೊಳಗೇ ಇರುತ್ತವೆ. ಜನ ಸಾಯುವುದು ಮುಳುಗಿ ಮಾತ್ರ ಅಲ್ಲ. ಇವು ಬಡಿದು, ಇವುಗಳ ನಡುವೆ ಸಿಕ್ಕಿ ಸಾಯುತ್ತಾರೆ. ಮೊಣಕಾಲಿಗಿಂತ ಕೆಳಗಿನ, 30 ಸೆಂಟಿಮೀಟರಿನ ಹರಿವಿನಲ್ಲೇ ವಯಸ್ಕರಿಗೂ ಕಾಲೂರುವುದು ಕಷ್ಟ. ಜಪಾನ್ ಸರಕಾರ ತನ್ನ ಹಾನಿಯ ಅಂದಾಜಿನಲ್ಲಿ, ಒಂದು ಮೀಟರ್ ಆಳದ ಸುನಾಮಿ ನೀರಿಗೆ ಸಿಕ್ಕವರು ಹೆಚ್ಚುಕಡಿಮೆ ಯಾರೂ ಉಳಿಯುವುದಿಲ್ಲ ಎಂದೇ ಇಟ್ಟುಕೊಳ್ಳುತ್ತದೆ. ಅಲ್ಲಿ 20 ಸೆಂಟಿಮೀಟರಿನಿಂದಲೇ ಸೂಚನೆ ಶುರು. ಒಂದು ಮೀಟರ್ ಮೀರುವ ಲಕ್ಷಣ ಇದ್ದರೆ ಎಚ್ಚರಿಕೆ, ಮೂರು ಮೀರಿದರೆ ಮಹಾ ಎಚ್ಚರಿಕೆ. ಹಾಗಾಗಿ ಕುಜಿಯ 1.3 ಮೀಟರ್ ಸಣ್ಣ ಸಂಖ್ಯೆ ಅಲ್ಲ.

ಅಲೆಗೆ ಮೊದಲು ಕಡಲು ಹಿಂದೆ ಸರಿಯುತ್ತದೆ ಅನ್ನುವುದು ಬಹಳ ಜನರಿಗೆ ಗೊತ್ತಿರುವ ಲಕ್ಷಣ. ಅರ್ಧ ನಿಜ. 2004ರಲ್ಲಿ ಬಿರುಕಿನ ಪೂರ್ವಕ್ಕಿದ್ದ ಥಾಯ್ಲೆಂಡಿನಲ್ಲಿ ಕಡಲು ಹಿಂದೆ ಸರಿಯಿತು. ಅಲ್ಲಿನ ಮೈಖಾವ್ ಕಡಲ ತೀರದಲ್ಲಿ ಹತ್ತು ವರ್ಷದ ಬ್ರಿಟಿಷ್ ಹುಡುಗಿಯೊಬ್ಬಳು ನೀರಿನ ನೊರೆ ನೋಡಿ, ಶಾಲೆಯ ಭೂಗೋಳ ಪಾಠ ನೆನಪಾಗಿ ಹಟ ಹಿಡಿದು ಜನರನ್ನು ಮೇಲಕ್ಕೆ ಕಳಿಸಿದಳು. ಪಶ್ಚಿಮಕ್ಕಿದ್ದ ಶ್ರೀಲಂಕಾ ಮತ್ತು ಭಾರತದ ಪೂರ್ವ ಕರಾವಳಿಗೆ ಮೊದಲು ಬಂದದ್ದು ಏರುವ ನೀರೇ. ತಳದ ಯಾವ ಭಾಗ ಎದ್ದಿತು, ಯಾವುದು ತಗ್ಗಿತು ಅನ್ನುವುದರ ಮೇಲೆ ಇದು ನಿಂತಿದೆ. ಕಡಲು ಹಿಂದೆ ಹೋಗಲಿ, ಆಮೇಲೆ ಓಡೋಣ ಅಂತ ಕಾಯುವವರಿಗೆ ಸಿಗುವ ಅವಕಾಶ ಅರ್ಧ ಮಾತ್ರ.

ಮೊದಲ ಅಲೆಯೇ ದೊಡ್ಡದು ಅನ್ನುವುದೂ ಸುಳ್ಳು. ಕಮ್ಚಾಟ್ಕಾ ದಿನ ಜಪಾನಿಗೆ ಬೆಳಿಗ್ಗೆ ಮೊದಲು ಬಂದದ್ದು 30, 40 ಸೆಂಟಿಮೀಟರ್. ಕುಜಿಯ 1.3 ಮೀಟರ್ ದಾಖಲಾದದ್ದು ಮಧ್ಯಾಹ್ನ, ಗಂಟೆಗಟ್ಟಲೆ ಆದಮೇಲೆ. 1964ರ ಅಲಾಸ್ಕಾ ಭೂಕಂಪದ ರಾತ್ರಿ ಕ್ರೆಸೆಂಟ್ ಸಿಟಿಯಲ್ಲಿ ಮೊದಲ ಅಲೆಗಳು ಬಂದು ಹೋದಮೇಲೆ ಕೆಲವರು ಅಂಗಡಿಗಳನ್ನು ತೊಳೆಯಲು ಹಿಂದಿರುಗಿದರು. ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು.

ಈ ಕ್ರೆಸೆಂಟ್ ಸಿಟಿ ಹೆಸರು ಯಾಕೆ ಪದೇ ಪದೇ ಬರುತ್ತದೆ? ತಟ್ಟೆಯಲ್ಲಿ ನೀರು ತುಂಬಿಕೊಂಡು ನಡೆಯುವಾಗ ನಮ್ಮ ಹೆಜ್ಜೆಯೂ ನೀರಿನ ತೂಗಾಟವೂ ಒಂದೇ ತಾಳಕ್ಕೆ ಬಿದ್ದರೆ ತುಳುಕುವುದು ಹೆಚ್ಚುತ್ತಾ ಹೋಗುತ್ತದಲ್ಲ, ಆ ಬಂದರಿನದೂ ಅದೇ ಕಥೆ. ಸುನಾಮಿಯ ಅಂತರ ಆ ಬಂದರಿನ ಸಹಜ ತೂಗಾಟಕ್ಕೆ ಹೊಂದುತ್ತದೆ. ಹೊರಗೆ ಸಣ್ಣದಾಗಿ ಬಂದದ್ದು ಒಳಗೆ ದೊಡ್ಡದಾಗುತ್ತದೆ. ಪಕ್ಕದ ಊರಿನಲ್ಲಿ ಏನೂ ಆಗಿರುವುದಿಲ್ಲ. ದ್ವೀಪದ ಮರೆಯಲ್ಲಿದ್ದರೆ ಕ್ಷೇಮ ಅನ್ನುವಂತೆಯೂ ಇಲ್ಲ. 1992ರ ಡಿಸೆಂಬರಿನಲ್ಲಿ ಇಂಡೋನೇಷ್ಯಾದ ಫ್ಲೋರೆಸ್ ಬಳಿಯ ಪುಟ್ಟ ಬಾಬಿ ದ್ವೀಪದಲ್ಲಿ ಅಲೆ ಎರಡೂ ಕಡೆಯಿಂದ ಸುತ್ತಿ ಬಂದು ಹಿಂಬದಿಯಲ್ಲಿ ಕೂಡಿಕೊಂಡಿತು. ಹಳ್ಳಿಗಳಿದ್ದದ್ದು ಆ ಹಿಂಬದಿಯಲ್ಲೇ.

ಮೂರು ನಿಮಿಷದ ಸಂಖ್ಯೆ

ಅಳತೆ ಹೇಗೆ ನಡೆಯುತ್ತದೆ ಅಂತ ನೋಡಿದರೆ ತಪ್ಪು ಎಲ್ಲಿ ನುಸುಳುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಮೊದಲು ಸಿಗುವುದು ಭೂಕಂಪದ ಅಲೆ. ಅದು ಬಂಡೆಯೊಳಗೆ ಸೆಕೆಂಡಿಗೆ ಹಲವು ಕಿಲೋಮೀಟರ್ ಓಡುತ್ತದೆ, ಸುನಾಮಿಗಿಂತ ಎಷ್ಟೋ ಮುಂದೆ. ಅದರಿಂದ ಜಾಗ, ಆಳ, ತೀವ್ರತೆ ಲೆಕ್ಕ ಹಾಕುತ್ತಾರೆ. ತೊಂದರೆ ಏನೆಂದರೆ, ದೊಡ್ಡ ಭೂಕಂಪ ಒಂದು ಕ್ಷಣದ್ದಲ್ಲ. 2004ರ ಬಿರುಕು ಬಿಡುತ್ತಾ ಹೋಗಲು ಎಂಟರಿಂದ ಹತ್ತು ನಿಮಿಷ ಹಿಡಿದಿತ್ತು. ಮೊದಲ ನಿಮಿಷಗಳ ನಡುಕ ನೋಡಿ ಅಳೆದರೆ ಸಂಖ್ಯೆ ಕಡಿಮೆಯೇ ಬರುತ್ತದೆ. ಅಂದು ಹವಾಯಿಯ ಸುನಾಮಿ ಎಚ್ಚರಿಕೆ ಕೇಂದ್ರ ಮೊದಲು ಹೇಳಿದ್ದು 8.0, ಒಂದು ಗಂಟೆಯ ಮೇಲೆ 8.5. ನಿಜವಾದದ್ದು 9.1. ಎಂಟರಿಂದ 9.1ಕ್ಕೆ ಹೋಗುವುದು ಅಂದರೆ ಶಕ್ತಿ 40 ಪಟ್ಟಿಗೂ ಜಾಸ್ತಿ. ಸರಿಯಾಗಿ ಗೊತ್ತಾಗಿದ್ದರೂ ಹೇಳಲು ಜನ ಇರಲಿಲ್ಲ ಅನ್ನಿ. ಹಿಂದೂ ಮಹಾಸಾಗರಕ್ಕೆ ಆಗ ಮುನ್ನೆಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಇಂದು ಹೈದರಾಬಾದಿನಲ್ಲಿರುವ ಭಾರತದ ಕೇಂದ್ರ 2007ರಲ್ಲಿ ಶುರುವಾದದ್ದು. ಅದು ಆಸ್ಟ್ರೇಲಿಯಾ, ಇಂಡೋನೇಷ್ಯಾ ಕೇಂದ್ರಗಳ ಜೊತೆ ಇಡೀ ಸಾಗರಕ್ಕೆ ಮಾಹಿತಿ ಕೊಡುತ್ತದೆ.

ಜಪಾನಿನಲ್ಲಿ ವ್ಯವಸ್ಥೆ ಇತ್ತು. ಜಗತ್ತಿನಲ್ಲೇ ಚುರುಕಾದದ್ದು ಇತ್ತು. 2011ರ ಮಾರ್ಚ್ 11ರ ಮಧ್ಯಾಹ್ನ 2.46ಕ್ಕೆ ಭೂಕಂಪ, 2.49ಕ್ಕೆ ಎಚ್ಚರಿಕೆ. ಮೂರೇ ನಿಮಿಷ. ಆದರೆ ಆ ಮೂರು ನಿಮಿಷದಲ್ಲಿ ಸಿಕ್ಕ ತೀವ್ರತೆ 7.9. ಅದರ ಮೇಲೆ ಹೇಳಿದ್ದು ಮಿಯಾಗಿಗೆ ಆರು ಮೀಟರ್, ಇವಾಟೆ ಮತ್ತು ಫುಕುಶಿಮಾಕ್ಕೆ ಮೂರು ಮೀಟರ್. 3.14ಕ್ಕೆ ಇದನ್ನು ಹತ್ತು ಮತ್ತು ಆರಕ್ಕೆ ಏರಿಸಿದರು. ಅಷ್ಟರಲ್ಲಿ ಹಲವೆಡೆ ಕರೆಂಟ್ ಹೋಗಿತ್ತು, ಟಿವಿ ಆರಿತ್ತು. ಮೂರು ಮೀಟರ್ ಅಂತಷ್ಟೇ ಕೇಳಿದವರು ನಮ್ಮ ತಡೆಗೋಡೆ ಅದಕ್ಕಿಂತ ಎತ್ತರ ಇದೆ ಎಂದುಕೊಂಡರು. ಎಷ್ಟೋ ಕಡೆ ಇತ್ತು ಕೂಡ. ತಾರೋ ಊರಿನ ಗೋಡೆ ಹತ್ತು ಮೀಟರ್. ನೀರು ಅದರ ಮೇಲೆ ಹಾದುಬಂತು. ಮಿಯಾಕೊ ಪ್ರದೇಶದಲ್ಲಿ ಅದು ಬೆಟ್ಟದ ಇಳಿಜಾರಿನಲ್ಲಿ ಸುಮಾರು 40 ಮೀಟರ್ ಎತ್ತರದವರೆಗೆ ಏರಿತು. ಸುಮಾರು 15,900 ಜನ ಸತ್ತರು, 2,500ರಷ್ಟು ಜನ ಇನ್ನೂ ಸಿಕ್ಕಿಲ್ಲ.

ಇದಾದಮೇಲೆ ಜಪಾನ್ ಹವಾಮಾನ ಸಂಸ್ಥೆ ಮಾಡಿದ ಒಂದು ಬದಲಾವಣೆ ನನಗೆ ಬಹಳ ಮುಖ್ಯ ಅನಿಸುತ್ತದೆ. 2013ರಿಂದ, ಭೂಕಂಪ ಎಂಟು ಮೀರುವಂತೆ ಕಂಡು ಅಳತೆ ಇನ್ನೂ ಖಚಿತವಿಲ್ಲದಿದ್ದರೆ ಮೊದಲ ಎಚ್ಚರಿಕೆಯಲ್ಲಿ ಮೀಟರ್ ಲೆಕ್ಕವನ್ನೇ ಹೇಳುವುದಿಲ್ಲ. ಭಾರಿ ಅಲೆ ಬರುತ್ತದೆ ಎನ್ನುತ್ತಾರೆ, ಅಷ್ಟೇ. ಅಳೆಯುವುದೇ ಕಸುಬಾಗಿರುವ ಸಂಸ್ಥೆಯೊಂದು ಸಂಖ್ಯೆಯನ್ನು ಬೇಕೆಂದೇ ಕೈಬಿಟ್ಟದ್ದು ಇದು.

ಎರಡನೆಯ ಅಳತೆ ಆಳ ಕಡಲಿನದು. ಡಾರ್ಟ್ ಎಂಬ ಉಪಕರಣವನ್ನು ಕಡಲ ತಳದಲ್ಲಿ ಕೂರಿಸಿರುತ್ತಾರೆ. ಅದು ತನ್ನ ಮೇಲಿನ ನೀರಿನ ಒತ್ತಡ ಅಳೆಯುತ್ತದೆ. ಆರು ಕಿಲೋಮೀಟರ್ ನೀರಿನ ಅಡಿಯಲ್ಲಿ ಕೂತು, ಮೇಲ್ಮೈ ಒಂದು ಸೆಂಟಿಮೀಟರ್ ಏರಿದರೂ ಗುರುತಿಸುತ್ತದೆ. ಸಾಮಾನ್ಯ ದಿನಗಳಲ್ಲಿ ಹದಿನೈದು ನಿಮಿಷಕ್ಕೊಂದು ಅಳತೆ. ಏನೋ ಏರುಪೇರು ಕಂಡರೆ ತಾನೇ ಚುರುಕಾಗಿ ಹದಿನೈದು ಸೆಕೆಂಡಿನ ಅಳತೆ ಕಳಿಸುತ್ತದೆ. ತಳದಿಂದ ಮೇಲಕ್ಕೆ ಶಬ್ದದ ಮೂಲಕ, ಮೇಲೆ ತೇಲುವ ಉಪಕರಣದಿಂದ ಉಪಗ್ರಹಕ್ಕೆ. ಇಲ್ಲಿ ಅಳೆಯುವುದು ನಿಜವಾದ ಸುನಾಮಿಯನ್ನು, ಭೂಕಂಪದಿಂದ ಊಹಿಸಿದ್ದನ್ನಲ್ಲ. ಇದರ ಹಿಂದೆ ಸುಳ್ಳು ಎಚ್ಚರಿಕೆಗಳ ಕಥೆ ಇದೆ. 1986ರ ಮೇ ತಿಂಗಳಲ್ಲಿ ಹವಾಯಿಯ ಕರಾವಳಿ ಖಾಲಿ ಮಾಡಿಸಿದರು, ಹೇಳಿಕೊಳ್ಳುವಂಥ ಅಲೆ ಬರಲಿಲ್ಲ. ಮೂರು ಕೋಟಿ ಡಾಲರಿಗೂ ಹೆಚ್ಚು ನಷ್ಟ ಎಂದು ಅಂದಾಜಾಯಿತು. ಆಳ ಕಡಲಿನಲ್ಲೇ ನೋಡಬೇಕು ಅನ್ನುವ ಒತ್ತಾಯ ಹುಟ್ಟಿದ್ದು ಇಂಥವುಗಳಿಂದ. 2004ರಲ್ಲಿ ಇಂಥ ಡಾರ್ಟ್‌ಗಳಿದ್ದದ್ದು ಆರು. ಆರೂ ಪೆಸಿಫಿಕ್‌ನಲ್ಲಿ.

ಮೂರನೆಯದು ಬಂದರುಗಳಲ್ಲಿ ಉಬ್ಬರ ಇಳಿತ ಅಳೆಯುವ ಯಂತ್ರ. ಸುದ್ದಿಯಲ್ಲಿ ಬರುವ ಮೀಟರ್ ಲೆಕ್ಕ ಬಹುತೇಕ ಇದರದ್ದು. ಹಳೆಯ ಮಾದರಿಯಲ್ಲಿ ಒಂದು ಕೊಳವೆ, ಅದರ ಬುಡದಲ್ಲಿ ಸಣ್ಣ ತೂತು. ಗಾಳಿಯ ಅಲೆಯ ಏರಿಳಿತ ಒಳಗೆ ಬರಬಾರದು ಅಂತ ತೂತು ಸಣ್ಣದು. ಸುನಾಮಿ ಬೇಗ ಏರಿದರೆ ಕೊಳವೆಯ ನೀರು ಹಿಂದೆ ಬೀಳುತ್ತದೆ, ಎತ್ತರ ಕಡಿಮೆ ಕಾಣುತ್ತದೆ. ತೀರಾ ದೊಡ್ಡದಾದರೆ ಯಂತ್ರವೇ ಕೊಚ್ಚಿಹೋಗುತ್ತದೆ. 2011ರ ಮಿಯಾಕೊ ದಾಖಲೆಯಲ್ಲಿ ಇಂದಿಗೂ ಇರುವುದು ‘8.5 ಮೀಟರ್ ಅಥವಾ ಅದಕ್ಕಿಂತ ಹೆಚ್ಚು’. ಆಮೇಲಿನದು ಅಳೆಯಲು ಯಂತ್ರ ಉಳಿದಿರಲಿಲ್ಲ.

ಹಾಗಾದರೆ 40 ಮೀಟರ್ ಅಂತ ಹೇಳುವುದು ಹೇಗೆ? ನೀರು ಇಳಿದಮೇಲೆ ತಂಡಗಳು ನಡೆದುಕೊಂಡು ಹೋಗಿ ಅಳೆಯುತ್ತವೆ. ಗೋಡೆಯ ಮೇಲಿನ ಕೆಸರಿನ ಗೆರೆ, ಮರದ ಕೊಂಬೆಗೆ ಸಿಕ್ಕ ಪ್ಲಾಸ್ಟಿಕ್, ಸಿಪ್ಪೆ ಸುಲಿದ ಕಾಂಡ, ಇಳಿಜಾರಿನಲ್ಲಿ ಉಪ್ಪು ನೀರಿಗೆ ಒಣಗಿದ ಹುಲ್ಲು ಎಲ್ಲಿಗೆ ನಿಂತಿತು ಅನ್ನುವುದು. ಆ ಎತ್ತರದಿಂದ, ಅಲೆ ಬಂದ ಹೊತ್ತಿನಲ್ಲಿ ಕಡಲ ಮಟ್ಟ ಎಷ್ಟಿತ್ತು ಅನ್ನುವುದನ್ನು ಕಳೆಯಬೇಕು. 2011ರ ನಂತರ ಹೀಗೆ 5,000ಕ್ಕೂ ಹೆಚ್ಚು ಜಾಗಗಳಲ್ಲಿ ಅಳೆದರು. ಬಂದರಿನ ಯಂತ್ರದ ಮೂರು ಮೀಟರ್ ಬೇರೆ, ಇಳಿಜಾರಿನಲ್ಲಿ ನೀರು ಹತ್ತಿದ ಹತ್ತು ಮೀಟರ್ ಬೇರೆ. ಸುದ್ದಿಯಲ್ಲಿ ಎರಡನ್ನೂ ‘ಅಲೆಯ ಎತ್ತರ’ ಅಂತಲೇ ಬರೆಯುತ್ತಾರೆ, ಓದುವವರಿಗೆ ಸುಮ್ನೆ ಗೊಂದಲ.

ದೂರದವರಿಗೆ ಒಂದು, ಹತ್ತಿರದವರಿಗೆ ಇನ್ನೊಂದು

ಈ ಯಂತ್ರಗಳೆಲ್ಲ ನಿಜಕ್ಕೂ ಕಾಪಾಡುವುದು ದೂರದ ದಡಗಳನ್ನು. ಹವಾಯಿಗೆ, ಕ್ಯಾಲಿಫೋರ್ನಿಯಾಕ್ಕೆ ಗಂಟೆಗಟ್ಟಲೆ ಸಮಯ ಸಿಗುತ್ತದೆ. ಬಿರುಕಿನ ಪಕ್ಕದಲ್ಲೇ ಇರುವ ಊರಿಗೆ ಸಿಗುವುದು ಹತ್ತರಿಂದ ಮೂವತ್ತು ನಿಮಿಷ. ಅಲ್ಲಿ ನೆಲದ ನಡುಕವೇ ಎಚ್ಚರಿಕೆ. ಸುಮಾತ್ರಾ ಬಳಿಯ ಸಿಮೆಲೂಯ ದ್ವೀಪ 2004ರ ಬಿರುಕಿಗೆ ತೀರಾ ಹತ್ತಿರ ಇತ್ತು. ಸುಮಾರು ಹತ್ತು ನಿಮಿಷದೊಳಗೆ ಅಲೆ ಬಂತು. ಎಪ್ಪತ್ತು ಸಾವಿರಕ್ಕೂ ಹೆಚ್ಚು ಜನರಲ್ಲಿ ಸತ್ತವರು ಏಳು. 1907ರ ಸುನಾಮಿಯ ಕಥೆಯನ್ನು ಅಜ್ಜಿ ತಾತಂದಿರು ಮಕ್ಕಳಿಗೆ ಹಾಡಿನಂತೆ ಹೇಳುತ್ತಾ ಬಂದಿದ್ದರು: ನೆಲ ಜೋರಾಗಿ ಅಲುಗಿದರೆ ಗುಡ್ಡಕ್ಕೆ ಓಡು. ಜಪಾನಿನ ಕಾಮಾಯಿಶಿ ಊರಿನಲ್ಲಿ 2011ರಲ್ಲಿ ಸುಮಾರು 3,000 ಶಾಲಾ ಮಕ್ಕಳು ಯಾರಿಗೂ ಕಾಯದೆ ಓಡಿ ಬದುಕಿದರು. ಅದೇ ಊರಿನ ಬಂದರಿನ ಮುಂದೆ 63 ಮೀಟರ್ ಆಳದಿಂದ ಕಟ್ಟಿದ ತಡೆಗೋಡೆ ಇತ್ತು, ಎರಡು ವರ್ಷ ಹಿಂದಷ್ಟೇ ಮುಗಿದದ್ದು. ಒಡೆಯುವ ಮೊದಲು ಅದು ನೀರನ್ನು ಸುಮಾರು ಆರು ನಿಮಿಷ ತಡೆದಿತ್ತು ಎಂಬ ಅಂದಾಜಿದೆ. ಆರು ನಿಮಿಷ ಕಡಿಮೆಯೇನಲ್ಲ, ಓಡುವವರಿಗೆ. ಗೋಡೆ ಇದೆಯಲ್ಲ ಅಂತ ಕೂತವರಿಗೆ ಅದರಿಂದ ಉಪಯೋಗ ಇಲ್ಲ.

ನಡುಕವೇ ಇಲ್ಲದೆ ಬರುವುದು ಈಗಿನ ದೊಡ್ಡ ತಲೆನೋವು. 2018ರ ಡಿಸೆಂಬರ್ 22ರ ರಾತ್ರಿ ಇಂಡೋನೇಷ್ಯಾದ ಅನಾಕ್ ಕ್ರಕಟಾವ್ ಜ್ವಾಲಾಮುಖಿಯ ಒಂದು ಮಗ್ಗುಲು ಕಡಲಿಗೆ ಜಾರಿತು. ಭೂಕಂಪಕ್ಕೆ ಕಾಯುತ್ತಾ ಕೂತ ವ್ಯವಸ್ಥೆಗೆ ಅದು ಕಾಣಲಿಲ್ಲ. 400ಕ್ಕೂ ಹೆಚ್ಚು ಜನ ಸತ್ತರು. 2022ರ ಜನವರಿ 15ರಂದು ಟೋಂಗಾದ ಹುಂಗಾ ಜ್ವಾಲಾಮುಖಿ ಸಿಡಿದಾಗ ಗಾಳಿಯ ಒತ್ತಡದ ಅಲೆ ಭೂಮಿ ಸುತ್ತಿತು. ಅದು ಸುನಾಮಿಗಿಂತ ಜೋರಾಗಿ ಓಡಿ ಕಡಲನ್ನೂ ಜೊತೆಗೆ ಎಬ್ಬಿಸಿತು. ಲೆಕ್ಕ ಹಾಕಿದ್ದಕ್ಕಿಂತ ಎರಡು ಗಂಟೆಗೂ ಮೊದಲೇ ಜಪಾನಿನಲ್ಲಿ ನೀರು ಏರತೊಡಗಿತು. ಹತ್ತು ಸಾವಿರ ಕಿಲೋಮೀಟರ್ ಆಚೆ ಪೆರುವಿನಲ್ಲಿ ಇಬ್ಬರು ಮುಳುಗಿ ಸತ್ತರು. 2023ರ ಸೆಪ್ಟೆಂಬರಿನಲ್ಲಿ ಗ್ರೀನ್‌ಲೆಂಡಿನ ಡಿಕ್ಸನ್ ಎಂಬ ಇಕ್ಕಟ್ಟು ಕಡಲ ಕಣಿವೆಗೆ ಬೆಟ್ಟದ ತುಂಡೊಂದು ಬಿತ್ತು. ನೀರು ಸುಮಾರು 200 ಮೀಟರ್ ಎತ್ತರಕ್ಕೆ ಚಿಮ್ಮಿ, ಆಮೇಲೆ ಒಂಬತ್ತು ದಿನ ಆ ಕಣಿವೆಯಲ್ಲಿ ತೂಗಾಡಿತು. ಭೂಕಂಪ ಮಾಪಕಗಳು ಜಗತ್ತಿನಾದ್ಯಂತ 92 ಸೆಕೆಂಡಿಗೊಮ್ಮೆ ಅದೇ ಮಿಡಿತ ತೋರಿಸುತ್ತಿದ್ದವು. ಅದು ಏನೆಂದು ವಿಜ್ಞಾನಿಗಳಿಗೆ ಮೊದಲು ಅರ್ಥವೇ ಆಗಲಿಲ್ಲ. ಬೆಟ್ಟದ ಬುಡಕ್ಕೆ ಆಸರೆಯಾಗಿದ್ದ ಹಿಮನದಿ ಕರಗಿ ತೆಳುವಾಗಿತ್ತು.

ಹೊಸ ಅಳತೆಗಳು ಬರುತ್ತಿವೆ. ಕಮ್ಚಾಟ್ಕಾ ಅಲೆಯನ್ನು ಸ್ವಾಟ್ ಉಪಗ್ರಹ ಸುಮಾರು 70 ನಿಮಿಷದ ನಂತರ ನೋಡಿತು. ಹಳೆಯ ಉಪಗ್ರಹ ಒಂದು ಗೆರೆಯಷ್ಟೇ ಕಂಡರೆ ಇದು ಅಗಲವಾದ ಪಟ್ಟಿಯನ್ನೇ ಕಂಡಿತು. ಕಡಲು ಏರಿಳಿದಾಗ ಅದರ ಮೇಲಿನ ಗಾಳಿಯೂ ಅಲುಗಿ, ಆ ಅಲುಗಾಟ ನೂರಾರು ಕಿಲೋಮೀಟರ್ ಮೇಲಿನ ಪದರ ಮುಟ್ಟಿ, ಜಿಪಿಎಸ್ ಸಂಕೇತಗಳಲ್ಲಿ ಕಾಣಿಸುತ್ತದೆ. ನಾಸಾದ ತಂಡ ಅದನ್ನು ನೋಡಿ ಕಮ್ಚಾಟ್ಕಾ ಸುನಾಮಿ ಹವಾಯಿ ಮುಟ್ಟುವ ಸುಮಾರು ಅರ್ಧ ಗಂಟೆ ಮೊದಲೇ ಖಚಿತಪಡಿಸಿತು. ಜಪಾನ್ ತನ್ನ ಪೂರ್ವದ ಕಡಲ ತಳದಲ್ಲಿ 5,000 ಕಿಲೋಮೀಟರಿಗೂ ಉದ್ದದ ಕೇಬಲ್ ಹಾಸಿ 150 ಅಳತೆ ಕೇಂದ್ರ ಕೂರಿಸಿದೆ. ಪೋರ್ಚುಗಲ್ ತನ್ನ ದ್ವೀಪಗಳಿಗೆ ಹಾಕುವ ಹೊಸ ಇಂಟರ್ನೆಟ್ ಕೇಬಲಿನಲ್ಲೇ ಒತ್ತಡ ಮತ್ತು ನಡುಕ ಅಳೆಯುವ ಸಾಧನ ಸೇರಿಸಲು ಹೊರಟಿದೆ. ಇಂಥ ಕೇಬಲ್ ಇರುವ ಕಡೆ ಹತ್ತು, ಹದಿನೈದು ನಿಮಿಷ ಮೊದಲೇ ನಿಜವಾದ ಅಲೆಯ ಅಳತೆ ಸಿಗಬಹುದು. ಪಾಲುವಿನಂಥ ಕೊಲ್ಲಿಯಲ್ಲಿ ದಡವೇ ಕುಸಿದು ಅಲೆ ಎದ್ದರೆ ಅದೂ ಸಿಗುವುದಿಲ್ಲ. ಅಲ್ಲಿ ಅಲೆಯನ್ನು ಅಳೆಯುವಷ್ಟು ಹೊತ್ತಿಗೆ ಅಲೆ ಬಂದಿರುತ್ತದೆ.